ಮಲೆನಾಡಿನ ಗ್ಯಾರೇಜಿಗೆ ಯಾವ ನೆಲ ಹೊಂದುತ್ತದೆ?

ಪ್ರಶ್ನೆ: ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಸಮೀಪ ನಮ್ಮ ಮನೆ ಇದೆ. ಮನೆಗೆ ತಾಗಿದಂತೆ 12 ಅಡಿ ಅಗಲ, 20 ಅಡಿ ಉದ್ದದ ಗ್ಯಾರೇಜನ್ನು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಕಟ್ಟಿಸಿದ್ದೇವೆ. ಅದರ ಹಿಂಗೋಡೆಯ ಆಚೆಗೆ ಎರಡು ಅಡಿ ಜಾಗ ಬಿಟ್ಟರೆ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಮಳೆಗಾಲದಲ್ಲಿ ಸಿಮೆಂಟು ನೆಲ ಕಪ್ಪಗೆ ಒದ್ದೆಯಾಗುತ್ತದೆ, ಬೇಸಿಗೆಯಲ್ಲಿ ಗೋಡೆಯ ಬುಡದಲ್ಲಿ ಬಿಳಿ ಪುಡಿ ಏಳುತ್ತದೆ, ಅಲ್ಲಲ್ಲಿ ಬಿರುಕೂ ಬಿಟ್ಟಿದೆ. ಎರಡು ವರ್ಷದ ಹಿಂದೆ ಹಚ್ಚಿಸಿದ ನೆಲದ ಬಣ್ಣ ಟೈರ್ ನಿಲ್ಲುವ ಜಾಗದಲ್ಲಿ ಪದರ ಪದರವಾಗಿ ಕಿತ್ತು ಬಂತು. ಬೆಂಗಳೂರಿನಲ್ಲಿ ನೋಡಿದ ಎಪಾಕ್ಸಿ ನೆಲ (ಕಾಂಕ್ರೀಟಿನ ಮೇಲೆ ರಾಳದ ಪದರ ಬಳಿದದ್ದು) ಮನಸ್ಸಿಗೆ ಹಿಡಿಸಿದೆ, ಮನೆಯವರು ಟೈಲ್ಸ್ ಹಾಕಿಸೋಣ ಎನ್ನುತ್ತಿದ್ದಾರೆ. ಗ್ಯಾರೇಜಿನಲ್ಲಿ ಒಂದು ಕಾರು, ಒಂದು ಸ್ಕೂಟರ್, ತೋಟದ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ, ಗೊಬ್ಬರದ ಚೀಲಗಳು ಇರುತ್ತವೆ. ಯಾವುದನ್ನು ಆರಿಸಬೇಕು?

ಉತ್ತರ: ನೀವು ತಿಳಿಸಿರುವ ಲಕ್ಷಣಗಳಲ್ಲಿ ಒದ್ದೆಯಾಗುವ ನೆಲ, ಗೋಡೆಬುಡದ ಬಿಳಿ ಪುಡಿ ಮತ್ತು ಎದ್ದುಬಂದ ಬಣ್ಣ, ಈ ಮೂರಕ್ಕೂ ಕಾರಣ ಒಂದೇ ಇರುವಂತೆ ಕಾಣುತ್ತದೆ. ಧರೆಯ ಕಡೆಯಿಂದ ಇಳಿದು ಬರುವ ನೀರು ನಿಮ್ಮ ನೆಲದ ಅಡಿಯ ಮಣ್ಣಿನಲ್ಲಿ ನಿಲ್ಲುತ್ತಿದೆ ಮತ್ತು ಅಲ್ಲಿಂದ ಕಾಂಕ್ರೀಟಿನ ಸಣ್ಣ ರಂಧ್ರಗಳ ಮೂಲಕ, ಬತ್ತಿಯಲ್ಲಿ ಎಣ್ಣೆ ಏರುವಂತೆ, ಮೇಲಕ್ಕೆ ಏರುತ್ತಿದೆ. ಈ ನೀರಿನ ದಾರಿಯನ್ನು ತಪ್ಪಿಸದೆ ಮೇಲೆ ಏನನ್ನು ಹಾಕಿಸಿದರೂ ಅದು ಹೆಚ್ಚು ಕಾಲ ನಿಲ್ಲುವುದಿಲ್ಲ. ಆದುದರಿಂದ ನನ್ನ ಸಲಹೆಯನ್ನು ಮೊದಲೇ ಸ್ಪಷ್ಟವಾಗಿ ಹೇಳುತ್ತೇನೆ: ಈಗಿರುವ ನೆಲದ ಮೇಲೆ ಎಪಾಕ್ಸಿಯನ್ನೂ ಹಾಕಿಸಬೇಡಿ, ಟೈಲ್ಸನ್ನೂ ಹಾಕಿಸಬೇಡಿ. ಮೊದಲು ಹಿಂಬದಿಯ ನೀರನ್ನು ಬೇರೆ ದಾರಿಗೆ ತಿರುಗಿಸಿ, ಆಮೇಲೆ ನೆಲವನ್ನು ಒಡೆಸಿ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಹೊಸ ಕಾಂಕ್ರೀಟು ಹಾಕಿಸಿ. ಆ ಕಾಂಕ್ರೀಟನ್ನೇ ಚೆನ್ನಾಗಿ ಉಜ್ಜಿಸಿ, ಗಟ್ಟಿಗೊಳಿಸುವ ದ್ರಾವಣ ಹಚ್ಚಿಸಿದರೆ ನಿಮ್ಮ ಬಳಕೆಗೆ ಅದೇ ಅತ್ಯುತ್ತಮ ನೆಲ. ಇದಕ್ಕೆ ಕಾರಣಗಳನ್ನು ಮುಂದೆ ವಿವರಿಸುತ್ತೇನೆ.

ನನ್ನ ಊಹೆಯನ್ನು ನೀವೇ ಪರೀಕ್ಷಿಸಿ ನೋಡಬಹುದು, ಮತ್ತು ನೋಡಲೇಬೇಕು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿ ಒಣಗಿಸಿದ ನೆಲದ ಮೇಲೆ ಇಟ್ಟು, ನಾಲ್ಕೂ ಅಂಚುಗಳನ್ನು ಅಗಲವಾದ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ. ಕನಿಷ್ಠ 16 ಗಂಟೆ, ಸಾಧ್ಯವಾದರೆ ಎರಡು ದಿನ ಹಾಗೆಯೇ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಳು ಕಟ್ಟಿದ್ದರೆ ಅಥವಾ ಅದರ ಅಡಿಯ ಕಾಂಕ್ರೀಟು ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ ನೀರು ನೆಲದಿಂದಲೇ ಬರುತ್ತಿದೆ. ಒಳಮೈ ಒಣಗಿದ್ದು ಹೊರಮೈ ಮಾತ್ರ ಒದ್ದೆಯಾಗಿದ್ದರೆ ಮಳೆಗಾಲದ ತೇವದ ಗಾಳಿ ತಣ್ಣನೆಯ ನೆಲಕ್ಕೆ ತಾಗಿ ಹನಿಗಟ್ಟುತ್ತಿದೆ ಎಂದರ್ಥ, ಅದಕ್ಕೆ ನೆಲ ಒಡೆಯುವ ಅಗತ್ಯವಿಲ್ಲ, ಗಾಳಿ ಬೆಳಕು ಹೆಚ್ಚಿಸಿದರೆ ಸಾಕು. ಧರೆಯ ಪಕ್ಕದಲ್ಲಿ ಒಂದು, ನಡುವೆ ಒಂದು, ಬಾಗಿಲ ಬಳಿ ಒಂದು ಹೀಗೆ ಮೂರು ಕಡೆ ಹಾಳೆ ಅಂಟಿಸಿದರೆ ನೀರು ಯಾವ ದಿಕ್ಕಿನಿಂದ ಹೆಚ್ಚಾಗಿ ಬರುತ್ತಿದೆ ಎಂಬುದೂ ತಿಳಿಯುತ್ತದೆ. ಈ ಪರೀಕ್ಷೆಯನ್ನು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಮಾಡಿ ನೆಲ ಒಣಗಿದೆ ಎಂದು ತೀರ್ಮಾನಿಸುವುದು ನಮ್ಮ ಭಾಗದಲ್ಲಿ ಸರಿಯಲ್ಲ. ಆರಿದ್ರಾ, ಪುನರ್ವಸು ಮಳೆ ಹಿಡಿದಿರುವಾಗ, ಅಂದರೆ ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ಮಾಡಿದಾಗಲೇ ನೆಲದ ನಿಜಸ್ಥಿತಿ ಗೊತ್ತಾಗುತ್ತದೆ. ಕಡೂರು, ಅರಸೀಕೆರೆ ಕಡೆಯ ಬಯಲಿನಲ್ಲಿ ಚೆನ್ನಾಗಿ ಬಾಳುವ ನೆಲ ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆ ಬಾಳದೆ ಹೋಗುವುದಕ್ಕೆ ಈ ತಿಂಗಳುಗಳೇ ಕಾರಣ.

ಬಿಳಿ ಪುಡಿಯ ವಿಚಾರವನ್ನು ಹೇಳಿದ್ದೀರಿ. ಮಣ್ಣಿನಲ್ಲಿಯೂ ಸಿಮೆಂಟಿನಲ್ಲಿಯೂ ಇರುವ ಲವಣಗಳನ್ನು ನೀರು ಕರಗಿಸಿಕೊಂಡು ಮೇಲೆ ತರುತ್ತದೆ. ನೀರು ಆವಿಯಾಗಿ ಹೋದ ಮೇಲೆ ಲವಣ ಮಾತ್ರ ಅಲ್ಲೇ ಉಳಿಯುತ್ತದೆ. ಅದನ್ನು ತೊಳೆದು ತೆಗೆಯುವುದರಿಂದ ಪ್ರಯೋಜನವಿಲ್ಲ, ಮುಂದಿನ ವರ್ಷ ಮತ್ತೆ ಬರುತ್ತದೆ. ಬಣ್ಣ ಕಿತ್ತುಬಂದದ್ದಕ್ಕೆ ಇನ್ನೂ ಒಂದು ಕಾರಣ ಸೇರಿಕೊಂಡಿದೆ. ಅಡಿಯಿಂದ ಏರುವ ಆವಿಗೆ ಬಣ್ಣದ ಪದರ ಅಡ್ಡವಾದಾಗ ಅದರ ಅಂಟು ಸಡಿಲಾಗುತ್ತದೆ. ಚರ್ಮಾಡಿ ಘಾಟಿ ಹತ್ತಿ ಬಂದ ಕಾರಿನ ಟೈರು ಬಿಸಿಯಾಗಿರುತ್ತದೆ, ಆ ಬಿಸಿಗೆ ರಬ್ಬರಿನೊಳಗಿನ ಎಣ್ಣೆಯಂಥ ಅಂಶ ಹೊರಬಂದು ಬಣ್ಣವನ್ನು ಮೆತ್ತಗೆ ಮಾಡುತ್ತದೆ. ಟೈರು ತಣ್ಣಗಾಗುವಾಗ ಕುಗ್ಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ಮರುದಿನ ಕಾರು ಹೊರಟಾಗ ಬಣ್ಣ ಅದರೊಂದಿಗೆ ಎದ್ದು ಬರುತ್ತದೆ. ಆದ್ದರಿಂದಲೇ ನೆಲದ ಉಳಿದ ಭಾಗದಲ್ಲಿ ಬಣ್ಣ ನಿಂತಿದ್ದರೂ ಟೈರಿನ ನಾಲ್ಕು ಜಾಗಗಳಲ್ಲಿ ಮಾತ್ರ ಬೋಳಾಗಿದೆ. ಬಣ್ಣ ಹಚ್ಚಿದವರ ಕೈಗುಣವನ್ನು ಇದಕ್ಕೆ ದೂರಬೇಕಾಗಿಲ್ಲ.

ಈಗ ಹಿಂಬದಿಯ ಕೆಲಸಕ್ಕೆ ಬರೋಣ. ಖರ್ಚಿನಲ್ಲಿ ಇದು ಚಿಕ್ಕದು, ಆದರೆ ಫಲದಲ್ಲಿ ದೊಡ್ಡದು. ಧರೆಗೂ ಗೋಡೆಗೂ ನಡುವೆ ಇರುವ ಎರಡು ಅಡಿಯ ಜಾಗದಲ್ಲಿ ಚರಂಡಿ ತೆಗೆಸಬೇಕು, ಅದರ ತಳ ಗ್ಯಾರೇಜಿನ ನೆಲದ ಕಾಂಕ್ರೀಟಿನ ಅಡಿಮಟ್ಟಕ್ಕಿಂತಲೂ ಕನಿಷ್ಠ ಒಂದು ಅಡಿ ಕೆಳಗಿರಬೇಕು. ಮೇಲಿನ ನೀರನ್ನು ಮಾತ್ರ ಒಯ್ಯುವ ಅರ್ಧ ಅಡಿ ಆಳದ ಸಿಮೆಂಟು ಚರಂಡಿಯಿಂದ ಮಣ್ಣಿನೊಳಗೆ ಹರಿದು ಬರುವ ಒಸರು ನಿಲ್ಲುವುದಿಲ್ಲ. ಗುಂಡಿಯ ತಳಕ್ಕೆ ಮತ್ತು ಬದಿಗಳಿಗೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹೊದಿಸಿ, ತೂತುಗಳಿರುವ ನಾಲ್ಕು ಇಂಚಿನ ಪಿವಿಸಿ ಪೈಪನ್ನು ವಾಟ (ಇಳಿಜಾರು) ಕೊಟ್ಟು ಮಲಗಿಸಿ, ಸುತ್ತಲೂ 20 ಮಿಲಿಮೀಟರ್ ಜಲ್ಲಿ ತುಂಬಿ, ಬಟ್ಟೆಯನ್ನು ಮೇಲಿನಿಂದ ಮಡಚಿ ಮುಚ್ಚಬೇಕು. ಬಟ್ಟೆ ಹಾಕದಿದ್ದರೆ ನಮ್ಮ ಕೆಂಪುಮಣ್ಣಿನ ಸಣ್ಣ ಕಣಗಳು ಕೆಲವೇ ಮಳೆಗಾಲಗಳಲ್ಲಿ ಜಲ್ಲಿಯ ಸಂದುಗಳನ್ನು ಮುಚ್ಚಿಬಿಡುತ್ತವೆ. ಪೈಪಿನ ಕೊನೆ ಇಳಿಜಾರಿನ ಕಡೆ ಬಯಲಿಗೆ ತೆರೆದುಕೊಳ್ಳಬೇಕು, ಅದರ ಬಾಯಿಗೆ ಇಲಿ, ಹಾವು ಒಳಹೋಗದಂತೆ ಜಾಲರಿ ಇರಲಿ.

ಈ ಕೆಲಸದಲ್ಲಿ ಒಂದು ಎಚ್ಚರಿಕೆಯನ್ನು ಖಂಡಿತವಾಗಿ ಪಾಲಿಸಿ. ಚರಂಡಿಗೆ ಜಾಗ ಸಾಲದೆಂದು ಧರೆಯ ಬುಡವನ್ನು ಕಡಿಸಬೇಡಿ. ಬುಡ ಕಡಿದ ಧರೆ ಮೊದಲ ಜೋರು ಮಳೆಗೇ ಕುಸಿಯಬಹುದು, ಆಗ ನೆಲದ ಪ್ರಶ್ನೆಯೇ ಉಳಿಯುವುದಿಲ್ಲ. ಗುಂಡಿ ತೋಡುವುದನ್ನೂ ಒಂದೇ ದಿನದಲ್ಲಿ ಉದ್ದಕ್ಕೂ ತೆರೆಯದೆ ನಾಲ್ಕೈದು ಅಡಿಯ ತುಂಡುಗಳಾಗಿ ತೋಡಿ ತುಂಬುತ್ತ ಹೋಗಲು ಹೇಳಿ. ನಿಮ್ಮ ಗ್ಯಾರೇಜಿನ ಅಡಿಪಾಯ ಎಷ್ಟು ಆಳಕ್ಕಿದೆ ಎಂದು ಮೊದಲು ಒಂದು ಮೂಲೆಯಲ್ಲಿ ತೋಡಿ ನೋಡಿ, ಅದಕ್ಕಿಂತ ಕೆಳಗೆ ಹೋಗಬಾರದು. ಅಡಿಪಾಯ ಆಳವಿಲ್ಲದಿದ್ದರೆ ಅಥವಾ ಧರೆ ಆಳೆತ್ತರಕ್ಕಿಂತ ಹೆಚ್ಚಿದ್ದರೆ ಎಂಜಿನಿಯರೊಬ್ಬರನ್ನು ಸ್ಥಳಕ್ಕೆ ಕರೆಸಿ ತೋರಿಸುವುದು ಅಗತ್ಯ.

ಛಾವಣಿಯ ನೀರಿಗೂ ಇದೇ ಗಮನ ಬೇಕು. ಶೀಟಿನಿಂದಾಗಲಿ ಹೆಂಚಿನಿಂದಾಗಲಿ ಬೀಳುವ ನೀರು ಗೋಡೆಯ ಬುಡಕ್ಕೇ ಬಿದ್ದು ಇಂಗುತ್ತಿದ್ದರೆ ಚರಂಡಿಯ ಅರ್ಧ ಲಾಭ ಹೋದಂತೆ. ಛಾವಣಿಯ ಅಂಚಿಗೆ ನೀರು ಹಿಡಿಯುವ ದೋಣಿ ಹಾಕಿಸಿ ಪೈಪಿನ ಮೂಲಕ ದೂರಕ್ಕೆ ಬಿಡಿ. ಬಾಗಿಲ ಮುಂದಿನ ಅಂಗಳ ಗ್ಯಾರೇಜಿನ ಕಡೆಗೆ ಇಳಿಜಾರಾಗಿದ್ದರೆ ಹೊಸ್ತಿಲಿನ ಉದ್ದಕ್ಕೂ ಕಬ್ಬಿಣದ ಜಾಲರಿ ಮುಚ್ಚಿದ ಅಡ್ಡ ಚರಂಡಿ ಬೇಕಾಗುತ್ತದೆ.

ಇನ್ನು ನೆಲ. ಹಳೆಯ ನೆಲವನ್ನು ಉಳಿಸಿಕೊಳ್ಳಬಹುದೇ ಎಂದು ತಿಳಿಯಲು ಕಬ್ಬಿಣದ ಸಲಾಕೆಯಿಂದ ಅಲ್ಲಲ್ಲಿ ತಟ್ಟಿ ನೋಡಿ. ಟೊಳ್ಳು ಸದ್ದು ಬರುವ ಕಡೆ ಅಡಿಯ ಮಣ್ಣು ಕುಸಿದಿದೆ. ಒಂದು ಮೂಲೆಯಲ್ಲಿ ಚಿಕ್ಕ ತೂತು ಕೊರೆಸಿ ದಪ್ಪ ಅಳೆಯಿರಿ. ಆ ಕಾಲದಲ್ಲಿ ಕಟ್ಟಿಸಿದ ಅನೇಕ ಗ್ಯಾರೇಜುಗಳಲ್ಲಿ ಕಲ್ಲು, ಮಣ್ಣು ತುಂಬಿ ಮೇಲೆ ಎರಡು ಇಂಚು ಸಿಮೆಂಟು ಗಾರೆ ಎಳೆದಿರುತ್ತಾರೆ, ಅದು ವೆರಾಂಡಕ್ಕೆ ಸರಿಯಾದರೂ ಕಾರಿಗೆ ಸಾಲದು. ಬಿರುಕುಗಳು ಕೂದಲೆಳೆಯಷ್ಟಿದ್ದು ಎರಡೂ ಬದಿ ಸಮಮಟ್ಟದಲ್ಲಿದ್ದರೆ ಚಿಂತೆಯಿಲ್ಲ. ಒಂದು ಬದಿ ತಗ್ಗಿದ್ದರೆ ಅಥವಾ ಬಿರುಕಿನಲ್ಲಿ ನಾಣ್ಯ ತೂರುವಂತಿದ್ದರೆ ಒಡೆಸುವುದೇ ಸರಿ. ನಿಮ್ಮ ಪತ್ರದ ವಿವರಗಳನ್ನು ನೋಡಿದರೆ, ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆಯಂತೂ ಇರಲಾರದು ಎನಿಸುವುದರಿಂದ, ಒಡೆಸುವ ಕಡೆಗೇ ನನ್ನ ಒಲವು.

ಒಡೆದು ತೆಗೆದ ಮೇಲೆ ಸಡಿಲ ಮಣ್ಣನ್ನು ತೆಗೆಸಿ, ಗರಸು ಮಣ್ಣನ್ನು ಆರಾರು ಇಂಚಿನ ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡಿಸಬೇಕು. ಯಂತ್ರ ಬಾಡಿಗೆಗೆ ಸಿಕ್ಕರೆ ಅದರಿಂದಲೇ ಮಾಡಿಸುವುದು ಮೇಲು. ಇದರ ಮೇಲೆ ಆರು ಇಂಚು ದಪ್ಪಕ್ಕೆ ಜಲ್ಲಿ ಹಾಸಿ ಗಟ್ಟಿ ಮಾಡಿಸಿ, ಜಲ್ಲಿಯ ಮೊನೆಗಳು ಹಾಳೆಯನ್ನು ಹರಿಯದಂತೆ ಒಂದು ತೆಳು ಪದರ ಎಂ-ಸ್ಯಾಂಡ್ ಎಳೆಸಿ. ಜಲ್ಲಿಯ ಪದರ ಭಾರವನ್ನು ಹೊರುವುದರ ಜೊತೆಗೆ ನೀರು ರಂಧ್ರಗಳ ಮೂಲಕ ಮೇಲೇರುವುದನ್ನೂ ತಡೆಯುತ್ತದೆ, ಏಕೆಂದರೆ ಅದರ ಸಂದುಗಳು ದೊಡ್ಡವು. ಅದರ ಮೇಲೆ ಕನಿಷ್ಠ 250 ಮೈಕ್ರಾನ್ ದಪ್ಪದ ಪಾಲಿಥಿನ್ ಹಾಳೆ. ಹಾಳೆಗಳು ಒಂದರ ಮೇಲೊಂದು ಒಂದು ಅಡಿ ಹೊದ್ದುಕೊಂಡು ಟೇಪಿನಿಂದ ಅಂಟಿರಬೇಕು, ಗೋಡೆಯ ಕಡೆ ನೆಲದ ಮಟ್ಟದವರೆಗೆ ಮೇಲಕ್ಕೆ ಮಡಚಿರಬೇಕು. ಅಂಗಡಿಯಲ್ಲಿ ಕೊಟ್ಟಿಗೆಗೆ ಹೊದಿಸಲು ಕೊಡುವ ತೆಳು ಹಾಳೆ ಬೇಡ, ಅದು ಕೆಲಸಗಾರರ ಕಾಲಡಿಯಲ್ಲೇ ಹರಿಯುತ್ತದೆ. ಇಡೀ ಗ್ಯಾರೇಜಿನ ಖರ್ಚಿನಲ್ಲಿ ಈ ಹಾಳೆಯದು ಅತ್ಯಂತ ಕಡಿಮೆ, ಮತ್ತು ಒಮ್ಮೆ ಕಾಂಕ್ರೀಟು ಹಾಕಿದ ಮೇಲೆ ಇದನ್ನು ಸೇರಿಸುವ ದಾರಿಯೇ ಇಲ್ಲ. ಆದ್ದರಿಂದ ಕಾಂಕ್ರೀಟು ಹಾಕುವ ದಿನ ನೀವೇ ನಿಂತು ಹಾಳೆ ಹರಿದಿಲ್ಲವೆಂದು ನೋಡಿಕೊಳ್ಳಿ.

ಕಾಂಕ್ರೀಟಿನ ದಪ್ಪ ನಾಲ್ಕು ಇಂಚು ಇರಲಿ. ತೋಟದ ಪಿಕಪ್ ವಾಹನವನ್ನೂ ಲೋಡಿನೊಂದಿಗೆ ಒಳಗೆ ನಿಲ್ಲಿಸುವ ಯೋಚನೆಯಿದ್ದರೆ ಐದು ಇಂಚು ಮಾಡಿಸಿ. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಎಂ20 ಮಿಶ್ರಣ ಸಾಕು. ನಿಮ್ಮ 240 ಚದರ ಅಡಿಗೆ ನಾಲ್ಕು ಇಂಚು ದಪ್ಪವೆಂದರೆ ಸುಮಾರು 2.25 ಘನ ಮೀಟರ್ ಕಾಂಕ್ರೀಟು, ಅದಕ್ಕೆ 18 ಮೂಟೆ ಸಿಮೆಂಟು ಬೇಕಾಗುತ್ತದೆ. ಲೆಕ್ಕ ಇದಕ್ಕಿಂತ ಬಹಳ ಕಡಿಮೆ ಬಂದರೆ ಎಲ್ಲಿ ಉಳಿಸುತ್ತಿದ್ದಾರೆ ಎಂದು ಕೇಳಿ. ನೀರಿನ ಅಳತೆ ಇನ್ನೂ ಮುಖ್ಯ. 50 ಕೆಜಿಯ ಒಂದು ಮೂಟೆಗೆ 25 ಲೀಟರಿನ ಆಸುಪಾಸಿನಲ್ಲಿ ನೀರು ಸಾಕು, ಮರಳು ಒದ್ದೆಯಿದ್ದರೆ ಅದಕ್ಕಿಂತಲೂ ಕಡಿಮೆ. ಎಳೆಯಲು ಸುಲಭವಾಗಲಿ ಎಂದು ತೆಳ್ಳಗೆ ಕಲಸಿದ ಕಾಂಕ್ರೀಟಿನಲ್ಲಿ ಹೆಚ್ಚುವರಿ ನೀರು ಆವಿಯಾಗಿ ಹೋಗಿ ರಂಧ್ರಗಳು ಉಳಿಯುತ್ತವೆ, ಮೇಲ್ಮೈ ವರ್ಷಗಟ್ಟಲೆ ಧೂಳು ಬಿಡುತ್ತದೆ. 8 ಮಿಲಿಮೀಟರ್ ಕಬ್ಬಿಣವನ್ನು ಎಂಟು ಇಂಚಿಗೊಂದರಂತೆ ಎರಡೂ ದಿಕ್ಕಿಗೆ ಕಟ್ಟಿಸಿ, ಕವರ್ ಬ್ಲಾಕುಗಳ (ಚಿಕ್ಕ ಸಿಮೆಂಟು ತುಂಡುಗಳ) ಮೇಲೆ ಎತ್ತಿ ಇರಿಸಬೇಕು, ದಪ್ಪದ ಮೇಲಿನ ಅರ್ಧದಲ್ಲಿ ಅದು ಇರಬೇಕು. ಹಾಳೆಯ ಮೇಲೆ ಮಲಗಿದ ಕಬ್ಬಿಣದಿಂದ ಬಿರುಕಿಗೆ ಯಾವ ತಡೆಯೂ ಇಲ್ಲ.

ನೆಲಕ್ಕೆ ಬಾಗಿಲಿನ ಕಡೆ ನೂರಕ್ಕೆ ಒಂದರಂತೆ ವಾಟ ಕೊಡಿಸಿ, ಅಂದರೆ 20 ಅಡಿ ಉದ್ದಕ್ಕೆ ಸುಮಾರು ಎರಡೂವರೆ ಇಂಚು ಇಳಿಜಾರು. ಮಳೆಯಲ್ಲಿ ನೆನೆದು ಬಂದ ಕಾರಿನಿಂದ ಸುರಿಯುವ ನೀರು ತಾನಾಗಿ ಹೊರಗೆ ಹರಿಯುತ್ತದೆ, ಕಾರು ನಿಂತಾಗ ಇಳಿಜಾರು ಕಣ್ಣಿಗೂ ಕಾಣುವುದಿಲ್ಲ. ಗೋಡೆಗೂ ಕಾಂಕ್ರೀಟಿಗೂ ನಡುವೆ ಅರ್ಧ ಇಂಚಿನ ಥರ್ಮೊಕೋಲ್ ಪಟ್ಟಿ ನಿಲ್ಲಿಸಿದರೆ ನೆಲ ಹಿಗ್ಗಿ ಕುಗ್ಗಲು ಅವಕಾಶವಾಗುತ್ತದೆ. ಕಾಂಕ್ರೀಟು ಒಣಗುವಾಗ ಕುಗ್ಗಿಯೇ ಕುಗ್ಗುತ್ತದೆ, ಬಿರುಕೂ ಬಿಡುತ್ತದೆ. ಅದು ನಾವು ಹೇಳಿದ ಜಾಗದಲ್ಲಿ ಬಿಡುವಂತೆ ಮಾಡುವುದಷ್ಟೇ ನಮ್ಮ ಕೈಯಲ್ಲಿದೆ. ಉದ್ದಕ್ಕೆ ನಡುವೆ ಒಂದು, ಅಡ್ಡಕ್ಕೆ ನಡುವೆ ಒಂದು ಗೆರೆಯನ್ನು ಕಾಂಕ್ರೀಟು ಹಾಕಿದ ಮರುದಿನದೊಳಗೆ ಕಟರ್‌ನಿಂದ ಒಂದು ಇಂಚು ಆಳಕ್ಕೆ ಕೊಯ್ಯಿಸಿ. ನೆಲ 6 ಅಡಿ ಅಗಲ, 10 ಅಡಿ ಉದ್ದದ ನಾಲ್ಕು ಭಾಗಗಳಾಗುತ್ತದೆ, ಬಿರುಕು ಬಂದರೆ ಗೆರೆಯೊಳಗೇ ಅಡಗುತ್ತದೆ.

ಕೆಲಸಗಾರರನ್ನು ಹುಡುಕುವಾಗ ಕಾಫಿ ಒಣಗಿಸುವ ಕಣ ಮಾಡಿ ಅನುಭವವಿರುವ ಮೇಸ್ತ್ರಿಗಳು ಸಿಗುತ್ತಾರೆಯೇ ನೋಡಿ. ನೀರು ಎಲ್ಲಿಯೂ ನಿಲ್ಲದಂತೆ ವಾಟ ಹಿಡಿಯುವುದು, ದೊಡ್ಡ ನೆಲವನ್ನು ಭಾಗ ಭಾಗವಾಗಿ ಹಾಕುವುದು, ವರ್ಷಪೂರ್ತಿ ಮಳೆ ಬಿಸಿಲಿಗೆ ಮೈಯೊಡ್ಡುವ ಸಿಮೆಂಟನ್ನು ಉಜ್ಜುವುದು ಅವರಿಗೆ ರೂಢಿಯಾದ ಕೆಲಸ. ಮನೆಯೊಳಗೆ ಹೊಳೆಯುವ ನೆಲ ಮಾಡುವವರಿಗಿಂತ ಗ್ಯಾರೇಜಿಗೆ ಇವರೇ ಹೆಚ್ಚು ಸೂಕ್ತರು ಎಂಬುದು ನನ್ನ ಅಭಿಪ್ರಾಯ.

ಕಾಂಕ್ರೀಟು ಎಳೆದ ನಂತರ ಮೇಲೆ ತೇಲಿ ಬರುವ ನೀರು ಪೂರ್ತಿ ಆರುವವರೆಗೆ ಕರಣೆ ಹಾಕಬಾರದು. ಬೇಗ ಒಣಗಲಿ ಎಂದು ಒಣ ಸಿಮೆಂಟು ಉದುರಿಸಿ ಉಜ್ಜುವ ಅಭ್ಯಾಸ ಕೆಲವರಲ್ಲಿದೆ. ಆ ಪದರ ಅಡಿಯದರೊಂದಿಗೆ ಸರಿಯಾಗಿ ಬೆರೆಯದೆ ಮುಂದೆ ಸಿಪ್ಪೆಯಂತೆ ಏಳುತ್ತದೆ, ಖಡಾಖಂಡಿತವಾಗಿ ಬೇಡವೆನ್ನಿ. ಮರದ ಹಲಗೆಯಿಂದ ಒಮ್ಮೆ, ಉಕ್ಕಿನ ಕರಣೆಯಿಂದ ಎರಡು ಬಾರಿ ಉಜ್ಜಿಸಿ, ಕೊನೆಗೆ ಬಾಗಿಲ ಬಳಿಯ ನಾಲ್ಕು ಅಡಿಯಲ್ಲಿ ಮಾತ್ರ ಮೆತ್ತನೆಯ ಪೊರಕೆ ಎಳೆಸಿದರೆ ಒದ್ದೆ ಕಾಲು ಜಾರುವುದಿಲ್ಲ. ಮರುದಿನದಿಂದ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟು, ಅದಕ್ಕೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು, 14 ದಿನ ಮಾಡಿದರೆ ಇನ್ನೂ ಒಳ್ಳೆಯದು. 28 ದಿನ ಕಾರು ಒಳಗೆ ತರಬೇಡಿ.

ಈಗ ನೀವು ಕೇಳಿದ ಮೂಲ ಪ್ರಶ್ನೆಗೆ, ಮೇಲ್ಮೈಯ ಆಯ್ಕೆಗೆ ಬರುತ್ತೇನೆ. ಹೀಗೆ ಸಿದ್ಧವಾದ ಕಾಂಕ್ರೀಟಿನ ಮೇಲೆ ಸೋಡಿಯಂ ಸಿಲಿಕೇಟ್ ಅಥವಾ ಲಿಥಿಯಂ ಸಿಲಿಕೇಟಿನ ದ್ರಾವಣವನ್ನು ಹಚ್ಚುವುದು ನನ್ನ ಮೊದಲ ಆಯ್ಕೆ. ಬಣ್ಣದ ಅಂಗಡಿಗಳಲ್ಲಿ ಇದನ್ನು ಫ್ಲೋರ್ ಹಾರ್ಡನರ್ ಎನ್ನುತ್ತಾರೆ. ಇದು ಕಾಂಕ್ರೀಟಿನೊಳಗೆ ಇಳಿದು ಅಲ್ಲಿ ಉಳಿದಿರುವ ಸುಣ್ಣದ ಅಂಶದೊಂದಿಗೆ ಸೇರಿ ಸಿಮೆಂಟಿನ ಅಂಟಿನಂಥದೇ ಗಟ್ಟಿ ವಸ್ತುವಾಗಿ ರಂಧ್ರಗಳನ್ನು ತುಂಬುತ್ತದೆ. ಧೂಳು ನಿಲ್ಲುತ್ತದೆ, ಸವೆತ ಕಡಿಮೆಯಾಗುತ್ತದೆ. ಮೇಲೆ ಪದರವೇ ಇಲ್ಲದಿರುವುದರಿಂದ ಕಿತ್ತು ಬರುವ ಪ್ರಶ್ನೆಯಿಲ್ಲ, ಅಡಿಯಿಂದ ಅಲ್ಪಸ್ವಲ್ಪ ಆವಿ ಏರಿದರೂ ಹೊರಹೋಗಲು ದಾರಿಯಿದೆ. ಇದರ ಮಿತಿಯನ್ನೂ ಹೇಳಬೇಕು. ನೆಲ ಬೂದು ಬಣ್ಣದ್ದೇ ಆಗಿರುತ್ತದೆ, ಎಂಜಿನ್ ಆಯಿಲ್ ಬಿದ್ದು ದಿನಗಟ್ಟಲೆ ಉಳಿದರೆ ಕಲೆ ನಿಲ್ಲುತ್ತದೆ. ಬಿದ್ದ ಕೂಡಲೇ ಮರದ ಹೊಟ್ಟು ಸುರಿದು ಹೀರಿಸಿ, ಸೋಪಿನ ಪುಡಿಯಿಂದ ಉಜ್ಜಿದರೆ ಬಹುಪಾಲು ಹೋಗುತ್ತದೆ.

ಇದಕ್ಕಿಂತ ಹೆಚ್ಚು ಖರ್ಚು ಮಾಡಲು ಸಿದ್ಧರಿದ್ದು, ನೋಡಲೂ ಚೆನ್ನಾಗಿರಬೇಕು ಎಂದಾದರೆ ಫ್ಲೇಮ್ ಮಾಡಿಸಿದ ಗ್ರಾನೈಟ್ ಹಾಕಿಸಿ. ಬೆಂಕಿಯ ಜ್ವಾಲೆಯಿಂದ ಮೇಲ್ಮೈಯನ್ನು ಸಿಡಿಸಿ ಒರಟು ಮಾಡಿದ ಈ ಕಲ್ಲು ಒದ್ದೆಯಾದಾಗಲೂ ಜಾರುವುದಿಲ್ಲ. ಹಾಸನ ಗ್ರೀನ್ ಎಂದು ಮಾರುಕಟ್ಟೆಯಲ್ಲಿ ಹೆಸರಾದ ಕಲ್ಲು ನಮ್ಮ ಪಕ್ಕದ ಜಿಲ್ಲೆಯದೇ. ಒಂದು ಇಂಚಿಗಿಂತ ಕಡಿಮೆ ದಪ್ಪದ್ದು ಬೇಡ, ಅಡಿಯಲ್ಲಿ ಟೊಳ್ಳು ಉಳಿಯದಂತೆ ಪೂರ್ತಿ ಗಾರೆಯ ಮೇಲೆ ಕೂರಿಸಬೇಕು. ಪಾಲಿಶ್ ಮಾಡಿದ ಗ್ರಾನೈಟನ್ನು ಮಾತ್ರ ಗ್ಯಾರೇಜಿನಲ್ಲಿ ಹಾಕಿಸಬೇಡಿ, ಮಳೆಗಾಲದಲ್ಲಿ ಅದರ ಮೇಲೆ ನಡೆಯುವುದೇ ಅಪಾಯ. ಕಡಪ ಮತ್ತು ಶಹಾಬಾದ್ ಕಲ್ಲುಗಳು ಅಗ್ಗವಾಗಿ ಸಿಗುತ್ತವೆ, ಆದರೆ ಎರಡೂ ಸುಣ್ಣಕಲ್ಲಿನ ಜಾತಿಯವು, ಬ್ಯಾಟರಿಯ ಆಸಿಡ್ ಬಿದ್ದರೆ ನೊರೆಯೆದ್ದು ಕರಗುತ್ತವೆ.

ಮನೆಯವರ ಟೈಲ್ಸ್ ಆಯ್ಕೆ ತಪ್ಪೇನಲ್ಲ, ಆದರೆ ಅದು ಒಳಕೋಣೆಯ ಟೈಲ್ಸ್ ಆಗಿರಬಾರದು. ಪಾರ್ಕಿಂಗ್ ಟೈಲ್ಸ್ ಎಂದೇ ಕೇಳಿ, ದಪ್ಪನೆಯ, ಒರಟು ಮೈಯ, ನೀರನ್ನು ಅರ್ಧ ಶೇಕಡಾಕ್ಕಿಂತ ಕಡಿಮೆ ಹೀರುವ ವಿಟ್ರಿಫೈಡ್ ಜಾತಿಯದನ್ನು ತೆಗೆದುಕೊಳ್ಳಿ. ಟೈಲ್ಸ್ ಒಡೆಯುವುದು ಬಹುತೇಕ ಕಾರಿನ ತೂಕದಿಂದಲ್ಲ, ಅಡಿಯ ಟೊಳ್ಳಿನಿಂದ. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಗಾರೆ ಇಟ್ಟು ಒತ್ತಿ ಕೂರಿಸಿದ ಟೈಲು ಜಾಕ್ ಇಟ್ಟ ದಿನ ಒಡೆಯುತ್ತದೆ. ಹಲ್ಲಿನ ಕರಣೆಯಿಂದ ಟೈಲ್ಸ್ ಅಂಟನ್ನು ಪೂರ್ತಿ ಹರಡಿ ಕೂರಿಸಬೇಕು, ಕಾಂಕ್ರೀಟಿನಲ್ಲಿ ಗೆರೆ ಕೊಯ್ದ ಜಾಗದ ಮೇಲೆ ಟೈಲ್ಸಿನ ಸಂದೂ ಬರುವಂತೆ ಜೋಡಿಸಬೇಕು. ಇಷ್ಟು ಕಾಳಜಿಯಿಂದ ಮಾಡುವವರು ಸಿಕ್ಕರೆ ಮಾತ್ರ ಮುಂದುವರಿಯಿರಿ.

ಎಪಾಕ್ಸಿಯ ಬಗ್ಗೆ ನಿಮಗಿರುವ ಆಸೆ ನನಗೆ ಅರ್ಥವಾಗುತ್ತದೆ, ಏಕೆಂದರೆ ಒಳ್ಳೆಯ ಕಾಂಕ್ರೀಟಿನ ಮೇಲೆ ಸರಿಯಾಗಿ ಹಾಕಿದ ಎಪಾಕ್ಸಿಯಷ್ಟು ಸುಲಭವಾಗಿ ಒರೆಸಿ ಸ್ವಚ್ಛ ಮಾಡಬಹುದಾದ ನೆಲ ಬೇರೆ ಇಲ್ಲ. ಎಣ್ಣೆ, ಗ್ರೀಸ್ ಒಳಗಿಳಿಯುವುದಿಲ್ಲ, ಸಂದುಗಳೂ ಇರುವುದಿಲ್ಲ. ಆದರೆ ಅದು ಕೇಳುವ ಪರಿಸ್ಥಿತಿ ಮಲೆನಾಡಿನಲ್ಲಿ ವರ್ಷದ ಕೆಲವು ತಿಂಗಳು ಮಾತ್ರ ಸಿಗುತ್ತದೆ. ಕಾಂಕ್ರೀಟಿನ ತೇವಾಂಶ ಶೇಕಡಾ 4ಕ್ಕಿಂತ ಕಡಿಮೆ ಇರಬೇಕು, ಗಾಳಿಯ ಆರ್ದ್ರತೆ ಶೇಕಡಾ 85ನ್ನು ಮೀರಬಾರದು, ನೆಲದ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಕಾಂಕ್ರೀಟಿನ ಮೇಲ್ಪದರವನ್ನು ವಜ್ರದ ಚಕ್ರದ ಯಂತ್ರದಿಂದ ತೇಯಿಸಿ ಒರಟು ಮಾಡದೆ ಎಪಾಕ್ಸಿ ಹಿಡಿಯುವುದಿಲ್ಲ. ಆಸಿಡ್ ಹಾಕಿ ತೊಳೆಯುತ್ತೇವೆ ಎಂದು ಹೇಳುವವರಿದ್ದಾರೆ, ಮನೆಗೆ ತಾಗಿದ ಗ್ಯಾರೇಜಿನಲ್ಲಿ ಆ ಹೊಗೆಯನ್ನು ಸೇರಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ, ಪಕ್ಕದಲ್ಲಿರುವ ಕಬ್ಬಿಣದ ಸಾಮಾನುಗಳೂ ತುಕ್ಕು ಹಿಡಿಯುತ್ತವೆ. ಬಾಗಿಲ ಬಳಿ ಬಿಸಿಲು ಬೀಳುವ ಭಾಗದಲ್ಲಿ ಎಪಾಕ್ಸಿ ಹಳದಿಗಟ್ಟುತ್ತದೆ, ಅದಕ್ಕೆ ಮೇಲೆ ಪಾಲಿಯುರೇಥೇನ್ ಪದರ ಬೇಕು. ರಾಳ ಮತ್ತು ಹಾರ್ಡನರ್ ಎಂಬ ಎರಡು ಡಬ್ಬಗಳನ್ನು ಬೆರೆಸುವ ನಿಜವಾದ ಎಪಾಕ್ಸಿಗೂ, ಒಂದೇ ಡಬ್ಬದಲ್ಲಿ ಬರುವ ಎಪಾಕ್ಸಿ ಹೆಸರಿನ ಬಣ್ಣಕ್ಕೂ ಬಹಳ ಅಂತರವಿದೆ. ನಿಮ್ಮಲ್ಲಿ ಹಿಂದೆ ಹಚ್ಚಿದ್ದು ಎರಡನೆಯ ಬಗೆಯದು ಇರಬಹುದು. ಹೊಸ ಕಾಂಕ್ರೀಟು ಒಂದು ಪೂರ್ತಿ ಮಳೆಗಾಲವನ್ನು ಕಂಡು, ಹಾಳೆಯ ಪರೀಕ್ಷೆಯಲ್ಲಿ ಒಣಗಿದೆ ಎಂದು ತೋರಿದರೆ ಆಗ ಎಪಾಕ್ಸಿ ಹಾಕಿಸಲು ಅಡ್ಡಿಯಿಲ್ಲ. ಆದರೆ ಆ ಯೋಚನೆ ಇರುವವರು ಈಗ ಫ್ಲೋರ್ ಹಾರ್ಡನರ್ ಹಚ್ಚಿಸಬಾರದು, ರಂಧ್ರಗಳು ತುಂಬಿದ ನೆಲಕ್ಕೆ ಎಪಾಕ್ಸಿ ಅಂಟುವುದು ಕಷ್ಟ, ಮತ್ತೆ ಹೆಚ್ಚು ತೇಯಿಸಬೇಕಾಗುತ್ತದೆ. ಆ ಒಂದು ವರ್ಷ ಬರಿಯ ಸಿಮೆಂಟಿನಲ್ಲೇ ಕಳೆಯಿರಿ.

ಕೆಂಪು ರೆಡ್ ಆಕ್ಸೈಡ್ ನೆಲ ನಮ್ಮ ಹಳೆಯ ಮನೆಗಳ ಜಗುಲಿಗಳಲ್ಲಿ ಎಷ್ಟು ಸೊಗಸಾಗಿ ಉಳಿದಿದೆ ಎಂಬುದು ನಿಮಗೂ ಗೊತ್ತಿದೆ. ಗ್ಯಾರೇಜಿಗೆ ಅದು ಹೊಂದುವುದಿಲ್ಲ. ಅದರ ಚೆಲುವೆಲ್ಲ ನುಣುಪಿನಲ್ಲಿದೆ, ಆ ನುಣುಪೇ ಇಲ್ಲಿ ಜಾರಿಸುತ್ತದೆ, ಟೈರು ತಿರುಗಿದ ಗೆರೆಗಳೂ ಎದ್ದು ಕಾಣುತ್ತವೆ. ಇಂಟರ್‌ಲಾಕ್ ಬ್ಲಾಕುಗಳನ್ನು ಗ್ಯಾರೇಜಿನ ಒಳಗಿಗಿಂತ ಮುಂದಿನ ಅಂಗಳಕ್ಕೆ ಇಟ್ಟುಕೊಳ್ಳಿ, ಕಾರಿಗೆ 60 ಮಿಲಿಮೀಟರ್, ಲೋಡಾದ ಪಿಕಪ್ ಓಡಾಡುವುದಾದರೆ 80 ಮಿಲಿಮೀಟರ್ ದಪ್ಪದವು. ರಬ್ಬರ್ ಚಾಪೆಗಳು ತಮ್ಮಡಿಯಲ್ಲಿ ತೇವವನ್ನು ಹಿಡಿದಿಡುತ್ತವೆ, ಬೇಡ.

ಉಳಿದ ರಿಪೇರಿಗಳಲ್ಲಿ ಕೆಲವನ್ನು ಚುಟುಕಾಗಿ ಹೇಳುತ್ತೇನೆ. ಲವಣ ಎದ್ದ ಗೋಡೆಬುಡದ ಪ್ಲಾಸ್ಟರನ್ನು ಎರಡು ಮೂರು ಅಡಿ ಎತ್ತರದವರೆಗೆ ಕೆತ್ತಿ ತೆಗೆದು, ಗೋಡೆ ಒಂದು ಬೇಸಿಗೆ ಒಣಗಿದ ಮೇಲೆ ಹೊಸದಾಗಿ ಮಾಡಿಸಿ. ಒಳಗೋಡೆಗೆ ಪ್ಲಾಸ್ಟಿಕ್ ಬಣ್ಣಕ್ಕಿಂತ ಸುಣ್ಣ ಬಳಿಸುವುದು ಲೇಸು, ತೇವ ಹೊರಹೋಗುತ್ತದೆ. ಎದುರು ಬದುರು ಗೋಡೆಗಳಲ್ಲಿ ನೆಲದ ಹತ್ತಿರ ಒಂದು, ಮೇಲೆ ಒಂದು ಜಾಲರಿ ಕಿಂಡಿ ಇಡಿಸಿ. ಒದ್ದೆ ನೆಲದ ಕೋಣೆಯಾದ್ದರಿಂದ ಪ್ಲಗ್ ಪಾಯಿಂಟುಗಳು ನಾಲ್ಕು ಅಡಿ ಎತ್ತರದಲ್ಲಿರಲಿ, ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಕಡ್ಡಾಯವಾಗಿ ಇರಲಿ. ಶಟರಿನ ಅಡಿಯಲ್ಲಿ ಅರ್ಧ ಇಂಚು ಸಂದು ಉಳಿದರೂ ಇಲಿಗಳು ನುಗ್ಗಿ ಕಾರಿನ ವೈರು ಕಡಿಯುತ್ತವೆ, ದಪ್ಪ ರಬ್ಬರ್ ಪಟ್ಟಿ ಹಾಕಿಸಿ.

ಗೊಬ್ಬರದ ಚೀಲಗಳ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕಾಗಿದೆ. ಯೂರಿಯಾ ಮತ್ತು ಪೊಟ್ಯಾಷ್ ಗಾಳಿಯ ತೇವವನ್ನು ಹೀರಿ ನೀರಾಗುತ್ತವೆ, ಆ ನೀರು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ, ಅಮೋನಿಯಂ ಸಲ್ಫೇಟ್ ಕಾಂಕ್ರೀಟನ್ನೇ ಕೊರೆಯುತ್ತದೆ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತದ ಪುಡಿ ಒದ್ದೆ ನೆಲದ ಮೇಲೆ ಚೆಲ್ಲಿದರೆ ಹತ್ತಿರದ ಕಬ್ಬಿಣದ ಉಪಕರಣಗಳನ್ನೂ ಸ್ಪ್ರೇಯರಿನ ಲೋಹದ ಭಾಗಗಳನ್ನೂ ತಿನ್ನುತ್ತದೆ. ನೀವು ಯಾವ ನೆಲವನ್ನು ಆರಿಸಿದರೂ ಇವುಗಳಿಗೆ ಬೇರೆ ಜಾಗ ಮಾಡಿ. ಸಾಧ್ಯವೇ ಇಲ್ಲವೆಂದಾದರೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಮುಚ್ಚಿ, ನೆಲದಿಂದ ಅರ್ಧ ಅಡಿ ಎತ್ತರದ ಮರದ ಹಲಗೆಯ ಮೇಲಿಡಿ. ಪೆಟ್ರೋಲ್ ಕ್ಯಾನನ್ನು ಮನೆಗೆ ತಾಗಿದ ಗ್ಯಾರೇಜಿನಲ್ಲಿ ಇಡಲೇಬಾರದು, ಶಟರ್ ಮುಚ್ಚಿ ಎಂಜಿನ್ ಚಾಲೂ ಮಾಡಬಾರದು.

ಕೆಲಸದ ಕಾಲವನ್ನು ಕಾಫಿಯ ಲೆಕ್ಕದಲ್ಲಿಯೇ ಹಾಕಿಕೊಳ್ಳುವುದು ಅನುಕೂಲ. ಕುಯ್ಲು ನಡೆಯುವ ಡಿಸೆಂಬರ್, ಜನವರಿಯಲ್ಲಿ ಆಳುಗಳು ಸಿಗುವುದಿಲ್ಲ. ಕುಯ್ಲು ಮುಗಿದ ಕೂಡಲೇ ಚರಂಡಿ ಮಾಡಿಸಿ, ಮಾರ್ಚಿನಲ್ಲಿ ನೆಲ ಒಡೆಸಿ ಕಾಂಕ್ರೀಟು ಹಾಕಿಸಿದರೆ ಏಪ್ರಿಲ್ ಕೊನೆಗೆ ಫ್ಲೋರ್ ಹಾರ್ಡನರ್ ಹಚ್ಚಲು ನೆಲ ಸಿದ್ಧವಾಗಿರುತ್ತದೆ. ಕಾಂಕ್ರೀಟು ಹಾಕುವ ದಿನ ಕಾಫಿ ಹೂವರಳಿಸುವ ಹೂಮಳೆ ಬಂದರೆ ಹಸಿ ಮೇಲ್ಮೈ ಕೊಚ್ಚಿಹೋಗದಂತೆ ಛಾವಣಿಯ ಸೋರಿಕೆಗಳನ್ನು ಮೊದಲೇ ಸರಿಪಡಿಸಿಕೊಂಡಿರಿ. ಒಂದೇ ವರ್ಷದಲ್ಲಿ ಎಲ್ಲಕ್ಕೂ ಹಣ ಹೊಂದಿಸುವುದು ಕಷ್ಟವಾದರೆ ಈ ವರ್ಷ ಚರಂಡಿ ಮತ್ತು ಛಾವಣಿಯ ದೋಣಿಯನ್ನು ಮಾತ್ರ ಮಾಡಿಸಿ, ಹಳೆಯ ನೆಲದಲ್ಲಿಯೇ ಒಂದು ಮಳೆಗಾಲ ಕಳೆದು ತೇವ ಎಷ್ಟು ಇಳಿದಿದೆ ಎಂದು ನೋಡಿ, ಮುಂದಿನ ಮಾರ್ಚಿಗೆ ಕಾಂಕ್ರೀಟು ಹಾಕಿಸಿ. ಈ ಕ್ರಮವನ್ನು ತಿರುಗುಮುರುಗು ಮಾಡಿ ಮೊದಲು ನೆಲ, ಆಮೇಲೆ ಚರಂಡಿ ಎಂದು ಹೇಳುವ ಗುತ್ತಿಗೆದಾರರಿಗೆ ಕೆಲಸ ಒಪ್ಪಿಸಬೇಡಿ.